ಮೆಂಬರರ ಅಂಗಿ ಜೇಬು

ಜೇಬಿನೊಳಕ್ಕೆ ಎರಡು ಬೆರಳು ಇಳಿಸಿದ ಕೂಡಲೇ ಮಂತ್ರಿಯ ಕೈ ಅಲ್ಲೇ ನಿಂತಿತು. ಒಳಗೆ ಏನೋ ಗಂಟು ಕಟ್ಟಿಕೊಂಡಿತ್ತು. ಹೊರಗೆಳೆದ. ನೆನೆದು, ಹಿಂಡಿಸಿಕೊಂಡು, ಬಿಸಿಲಲ್ಲಿ ಒಣಗಿ ಕಲ್ಲಾದ ಕಾಗದದ ಮುದ್ದೆ, ನಿಂಬೆಹಣ್ಣಿನ ಗಾತ್ರದ್ದು. ಉಗುರಿನಿಂದ ಬಿಡಿಸಲು ನೋಡಿದ. ಹಿಟ್ಟು ಉದುರಿದ ಹಾಗೆ ಉದುರಿತು. ಅಲ್ಲಲ್ಲಿ ಹರಡಿದ ನೀಲಿ ಬಿಟ್ಟರೆ ಒಂದಕ್ಷರವೂ ಉಳಿದಿರಲಿಲ್ಲ. ಅಂಗಿ ನಗರಸಭೆ ಮೆಂಬರರದು. ಮುದ್ದೆಯಾಗಿದ್ದದ್ದು ಇಡೀ ಬೀದಿಯ ಇನ್ನೂರ ಎಂಬತ್ತಾರು ಜನರ ಸಹಿ. ಅದನ್ನು ಆ ಜೇಬಿಗೆ ಇಳಿಸಿದವನು ಬೇರೆ ಯಾರೂ ಅಲ್ಲ, ಇವನೇ.

ಮಂತ್ರಿ ಅಂದರೆ ಬೀದಿಯವರು ಇಟ್ಟ ಹೆಸರು. ಅವನಿಗಿದ್ದ ಖಾತೆ ಒಂದೇ, ಇಸ್ತ್ರಿ. ಆದರೆ ಎಂಥ ಇಸ್ತ್ರಿ! ಅವನು ಹಾಕಿಕೊಟ್ಟ ಪ್ಯಾಂಟಿನ ಗೆರೆಗೆ ಬೆರಳು ಕುಯ್ದುಕೊಂಡವರಿದ್ದಾರೆ. ಅವನು ಮಡಿಸಿಕೊಟ್ಟ ಜೋಡಿ ಹೊದಿಕೆಯನ್ನು ಪುಸ್ತಕದ ಹಾಳೆಗಳ ನಡುವೆ ಇಟ್ಟು, ಆರು ತಿಂಗಳು ಹುಡುಕಿದ ಮೇಷ್ಟ್ರೊಬ್ಬರಿದ್ದಾರೆ. ಅವನ ಇದ್ದಿಲ ಪೆಟ್ಟಿಗೆಯ ಬಿಸಿಗೆ ಚಳಿಗಾಲ ಆ ಬೀದಿಯ ತುದಿಯವರೆಗೆ ಬಂದು ಹಿಂದಕ್ಕೆ ಹೋಗುತ್ತಿತ್ತು. ಇಂಥವನ ಮೇಜಿಗೆ ವಾರಾವಾರ ಮೆಂಬರರ ಒಂಬತ್ತು ಬಿಳಿ ಅಂಗಿಗಳು ಬರುತ್ತಿದ್ದವು. ಅಷ್ಟು ಸಾಕಾಗಿತ್ತು.

"ನಾನಿಲ್ದೇ ಅವ್ರು ಮನೆಯಿಂದ ಆಚೆ ಕಾಲಿಡಲ್ಲ" ಎನ್ನುತ್ತಿದ್ದ.

"ಹೌದಪ್ಪ, ಬರೀ ಮೈಯಲ್ಲಿ ಹೇಗೆ ಕಾಲಿಡ್ತಾರೆ?" ಎನ್ನುತ್ತಿದ್ದ ಎದುರಿನ ಸೈಕಲ್ ಶಾಪಿನವನು.

ಮೆಂಬರರ ಬಗ್ಗೆ ಅವರ ಹೆಂಡತಿಗೂ ಗೊತ್ತಿಲ್ಲದ್ದು ಮಂತ್ರಿಗೆ ಗೊತ್ತಿತ್ತು ಅನ್ನುವುದು ಸುಳ್ಳಲ್ಲ. ಚುನಾವಣೆಯ ತಿಂಗಳು ಕತ್ತುಪಟ್ಟಿ ಹೇಗೆ ಕಪ್ಪಾಗುತ್ತದೆ, ಗೆದ್ದ ವರ್ಷ ಹೊಟ್ಟೆಯ ಹತ್ತಿರದ ಗುಂಡಿ ಎಷ್ಟು ಬೆರಳು ಸರಿಯಿತು, ಭಾಷಣದ ದಿನ ಬಲಗೈ ತೋಳು ಎಲ್ಲಿ ಬೆವರುತ್ತದೆ, ಎಲ್ಲಾ ಗೊತ್ತು. ಒಂದೇ ಒಂದು ಸಣ್ಣ ಕೊರತೆ: ನಾಲ್ಕು ವರ್ಷದಲ್ಲಿ ಅವರ ಜೊತೆ ಅವನು ಒಂದು ಮಾತೂ ಆಡಿರಲಿಲ್ಲ. ಅಂಗಿಗಳು ಡ್ರೈವರ್ ಕೈಯಲ್ಲಿ ಬರುತ್ತಿದ್ದವು, ಹಿತ್ತಲ ಬಾಗಿಲಿನಿಂದ ಒಳಗೆ ಹೋಗುತ್ತಿದ್ದವು. ಈ ಕೊರತೆಯನ್ನು ಅವನು ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ಕೇಳುವ ಕಾಲ ಬಂದದ್ದು ಚಿಕ್ಕಾಸ್ಪತ್ರೆಯಿಂದ. ಬೀದಿಯ ಕೊನೆಗೆ ಎರಡು ಕೋಣೆ, ಒಂದು ಬೆಂಚು, ಒಂದು ತೂಕದ ಯಂತ್ರ. ಅದನ್ನು ಮುಚ್ಚಿ ದೊಡ್ಡಾಸ್ಪತ್ರೆಗೆ ಸೇರಿಸಬೇಕೆಂಬ ವಿಷಯ ಮಂಗಳವಾರದ ನಗರಸಭೆಗೆ ಬರಲಿದೆ ಎಂದು ಗೊತ್ತಾಯಿತು. ದೊಡ್ಡಾಸ್ಪತ್ರೆಗೆ ಎರಡು ಬಸ್ಸು ಬದಲಾಯಿಸಬೇಕು. ಬಸುರಿ ಹೆಂಗಸು ಹೊರಟರೆ ಬಸ್ಸಿನಲ್ಲೇ ಹೆತ್ತು, ಮಗುವಿಗೂ ಟಿಕೆಟ್ ತೆಗೆಯಬೇಕಾದೀತು ಎಂದು ಸೈಕಲ್ ಶಾಪಿನವನು ನಗಿಸಿದ. ನರ್ಸಮ್ಮ ಮಾತ್ರ ನಗಲಿಲ್ಲ. ಮೂವತ್ತೊಂದು ವರ್ಷ ಆ ಎರಡು ಕೋಣೆಗಳಲ್ಲಿ ದುಡಿದು ನಿವೃತ್ತರಾದವರು ಅವರು. ಅರ್ಧ ಬೀದಿಯನ್ನು ಕಾಲು ಹಿಡಿದು ಭೂಮಿಗೆ ಎಳೆದುಕೊಂಡವರು. ಅವರ ಮಂಡಿಗಳು ಎಷ್ಟು ಸವೆದಿದ್ದವೆಂದರೆ ನಡೆದರೆ ಎರಡು ಮನೆಯಾಚೆಗೂ ಕಟಕಟ ಕೇಳುತ್ತಿತ್ತು. ಅದೇ ಮಂಡಿಯಲ್ಲಿ ಒಂದು ತಿಂಗಳು ಮನೆಮನೆ ಹತ್ತಿ ಇಳಿದು, ಮೂರು ತೆಳು ಹಾಳೆಗಳ ಎರಡೂ ಮಗ್ಗುಲು ಸಹಿ ತುಂಬಿಸಿದರು.

ಗುರುವಾರ ಸಂಜೆ ಇಸ್ತ್ರಿ ಅಂಗಡಿ ಮುಂದೆ ಎಲ್ಲರೂ ಸೇರಿದರು. ನಾಳೆ ಬೆಳಿಗ್ಗೆ ಮೂವತ್ತು ಜನ ಒಟ್ಟಿಗೆ ಮೆಂಬರರ ಮನೆಗೆ ಹೋಗುವುದೆಂದು ನರ್ಸಮ್ಮ ಹೇಳಿದರು. ಆಗ ಮಂತ್ರಿ ಪೆಟ್ಟಿಗೆಯನ್ನು ಟಣ್ ಎಂದು ಕೆಳಗಿಟ್ಟ.

"ಮೂವತ್ತು ಜನ ಯಾಕಮ್ಮ? ಕೆಲ್ಸ ಬಿಟ್ಟು, ಬಿಸಿಲಲ್ಲಿ ನಿಂತು? ಹಾಳೆ ನಂಗೆ ಕೊಡಿ. ನಾನೂ ಅವ್ರೂ ನೋಡ್ಕೋತೀವಿ."

"ಕೈಗೇ ಕೊಡ್ತೀಯೇನಯ್ಯ?"

"ಕೈಗೇ. ನನ್ನ ಕಂಡ್ರೆ ಎದ್ದು ನಿಂತ್ಕೋತಾರೆ ಅವ್ರು."

ಜನಕ್ಕೂ ಹಗುರವಾಯಿತು. ಅವರವರ ಕೆಲಸ ಅವರವರಿಗೆ. ನರ್ಸಮ್ಮ ಹಾಳೆಗಳನ್ನು ಅವನ ಮೇಜಿನ ಮೇಲಿಟ್ಟು ಅಂಗೈಯಿಂದ ಒಮ್ಮೆ ಸವರಿ, ಮಗುವನ್ನು ಬೇರೆಯವರ ಕೈಗೆ ಕೊಟ್ಟ ಹಾಗೆ ಕೊಟ್ಟು ಹೋದರು.

ಶುಕ್ರವಾರ ಡ್ರೈವರ್ ಬರುವುದಕ್ಕೂ ಕಾಯದೆ ಅಂಗಿಗಳ ಗಂಟು ಹೊತ್ತು ಮಂತ್ರಿಯೇ ಹೊರಟ. ಮೆಂಬರು ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಸುತ್ತ ನಾಲ್ಕೈದು ಜನ. ಯಾರೋ ಚರಂಡಿ ಅನ್ನುತ್ತಿದ್ದರು, ಯಾರೋ ದೀಪ ಅನ್ನುತ್ತಿದ್ದರು. ಮಂತ್ರಿ ಗೇಟಿನ ಹತ್ತಿರ ನಿಂತ. ಅಲ್ಲಿಂದ ಜಗುಲಿಗೆ ಹದಿನೈದು ಹೆಜ್ಜೆ. ಅವನಿಗೆ ಹದಿನೈದು ಮೈಲಿ. ನಾಲಿಗೆಗೆ ಯಾರೋ ಗಂಜಿ ಹಾಕಿ ಇಸ್ತ್ರಿ ತಿಕ್ಕಿದಂತಾಯಿತು.

ಮೆಂಬರು ಕತ್ತೆತ್ತಿ ಅವನನ್ನೇ ನೋಡಿದರು. "ಏನಪ್ಪಾ?" ಎಂದರು.

"ಬಟ್ಟೆ, ಸಾರ್."

ಅವರು ಹಿತ್ತಲ ಕಡೆ ಕೈ ತೋರಿಸಿದರು. ಇವನು ಹೋದ.

ಹಿತ್ತಲ ಕಟ್ಟೆಯ ಮೇಲೆ ಗಂಟು ಬಿಚ್ಚಿ, ರಾತ್ರಿಯೇ ಮಡಿಸಿ ಇಸ್ತ್ರಿ ತಿಕ್ಕಿಟ್ಟಿದ್ದ ಆ ಹಾಳೆಗಳನ್ನು ಹೊರತೆಗೆದ. ದೊಡ್ಡವರ ಕೈಗೆ ಹೋಗುವ ಕಾಗದ ಸುಕ್ಕಾಗಿರಬಾರದೆಂದು ಹಾಗೆ ಮಾಡಿದ್ದ. ಮೇಲಿನ ಅಂಗಿಯ ಜೇಬಿಗೆ ಅವನ್ನು ಇಳಿಸಿದ. ಬಂತು ನೋಡಿ ಅವನ ಕೈಚಳಕ: ಇನ್ನೂರ ಎಂಬತ್ತಾರು ಜನ ಒಳಗೆ ಕೂತರೂ ಜೇಬು ಕೂದಲೆಳೆಯಷ್ಟೂ ಉಬ್ಬಲಿಲ್ಲ. ನಾಳೆ ಹಾಕಿಕೊಳ್ಳುತ್ತಾರೆ, ಕೈ ಹಾಕುತ್ತಾರೆ, ಸಿಗುತ್ತದೆ ಎಂದುಕೊಂಡ. ಹಾಗೆ ಅಂದುಕೊಳ್ಳುವಾಗಲೇ ಒಳಗೊಂದು ಮಾತು ಎದ್ದಿತು. ಅದನ್ನು ಅದುಮಿಟ್ಟ.

ಆ ಮಾತು ಇದು. ಇಸ್ತ್ರಿಗೆ ಮುಂಚೆ ಜೇಬು ತಡಕುವುದು ಅವನ ಅಪ್ಪನ ಕಾಲದಿಂದ ಬಂದ ಪದ್ಧತಿ. ಬೀದಿಯವರ ಜೇಬುಗಳಲ್ಲಿ ಅವನಿಗೆ ಏನೇನು ಸಿಕ್ಕಿಲ್ಲ! ಬಸ್ ಟಿಕೆಟ್ಟು, ಪ್ರೇಮಪತ್ರ, ಬೀಗದಕೈ, ಒಮ್ಮೆ ಒಬ್ಬರ ಕಟ್ಟಿಸಿದ ಹಲ್ಲಿನ ಸೆಟ್ಟು, ಇನ್ನೊಮ್ಮೆ ಜೀವಂತ ಹಲ್ಲಿಮರಿ. ಮೆಂಬರರ ಜೇಬಿನಲ್ಲಿ ನಾಲ್ಕು ವರ್ಷದಲ್ಲಿ ಒಂದು ಕಡಲೆಸಿಪ್ಪೆಯೂ ಸಿಕ್ಕಿರಲಿಲ್ಲ. ಪೆನ್ನು, ಫೋನು, ಚೀಟಿ ಎಲ್ಲ ಡ್ರೈವರ್ ಹತ್ತಿರ. ಆ ಮನುಷ್ಯ ಜೇಬಿಗೆ ಕೈ ಹಾಕುವವರೇ ಅಲ್ಲ. ಈ ಭೂಮಂಡಲದಲ್ಲಿ ಅದು ಗೊತ್ತಿದ್ದದ್ದು ಒಬ್ಬನಿಗೇ.

"ಕೊಟ್ಯೇನಯ್ಯ?" ಎಂದು ನರ್ಸಮ್ಮ ಕೇಳಿದಾಗ "ಕೊಟ್ಟೆ" ಎಂದ. ಸಂಜೆಗೆ ಅವನ ಕಥೆಯಲ್ಲಿ ಮೆಂಬರು ಅವನ ಕೈ ಹಿಡಿದುಕೊಂಡಿದ್ದರು. ಶನಿವಾರಕ್ಕೆ 'ನಿಮ್ಮ ಬೀದಿ ನನ್ನ ಬೀದಿ' ಎಂದಿದ್ದರು. ಭಾನುವಾರದ ಹೊತ್ತಿಗೆ ಸಹಿಗಳನ್ನು ಓದಿ ಕಣ್ಣೊರೆಸಿಕೊಂಡಿದ್ದರು. ಸೋಮವಾರ ಅವನ ಹೆಂಡತಿ, "ಇನ್ನು ಎರಡು ದಿನ ಬಿಟ್ರೆ ನಿನ್ನನ್ನ ದತ್ತು ತಗೋತಾರೆ, ಸಾಕು ಮಾಡು" ಎಂದಳು.

ಮಂಗಳವಾರ ಸಭೆ ಆಯಿತು. ಬುಧವಾರ ಬೆಳಿಗ್ಗೆ ಒಗೆದು ಬಂದ ಅಂಗಿಯಲ್ಲಿ ಮುದ್ದೆ ಸಿಕ್ಕಿತು.

ಮುದ್ದೆಯನ್ನು ಅವನು ಇದ್ದಿಲ ಪೆಟ್ಟಿಗೆಯ ಮುಚ್ಚಳ ತೆಗೆದು ಕೆಂಡಕ್ಕೆ ಹಾಕಿದ. ಅದು ಉರಿಯಲಿಲ್ಲ, ಹೊಗೆಯಾಡಿತು. ಕೆಮ್ಮುತ್ತಾ ನಿಂತಿದ್ದಾಗ ಬೀದಿಯ ಕೊನೆಯಿಂದ ಗಲಾಟೆ ಕೇಳಿಸಿತು. ಚಿಕ್ಕಾಸ್ಪತ್ರೆಯ ಬಾಗಿಲಿಗೆ ನೋಟೀಸು ಅಂಟಿಸಿದ್ದರು: ಬರುವ ತಿಂಗಳ ಒಂದರಿಂದ ಮುಚ್ಚಲಾಗುವುದು.

ಅರ್ಧ ಗಂಟೆಯಲ್ಲಿ ಬೀದಿಯೆಲ್ಲ ಅವನ ಅಂಗಡಿ ಮುಂದೆ.

"ಕೈ ಹಿಡ್ಕೊಂಡನಂತೆ! ಕಣ್ಣೊರೆಸಿಕೊಂಡನಂತೆ! ಎಂಥಾ ನಾಟಕದವನಪ್ಪಾ ಆ ಮೆಂಬರು!" ಸೈಕಲ್ ಶಾಪಿನವನು ಕೂಗಾಡುತ್ತಿದ್ದ. ಅವತ್ತು ಅವನಿಗೂ ತಮಾಷೆ ಹೊಳೆದಿರಲಿಲ್ಲ. ಅವನ ಮಗಳು ಏಳು ತಿಂಗಳ ಬಸುರಿ. "ನಾಳೆ ಅವನ ಮನೆ ಮುಂದೇನೇ ಅವನ ಗೊಂಬೆ ಸುಡೋಣ. ಮಂತ್ರಿ, ಗೊಂಬೆಗೆ ಹಾಕಕ್ಕೆ ಅವನ ಅಂಗಿ ನೀನೇ ಕೊಡ್ಬೇಕು. ಅದೋ, ಅಲ್ಲೇ ಇದ್ಯಲ್ಲ!"

ಮೇಜಿನ ಮೇಲೆ ಅಂಗಿ ತೋಳು ಚಾಚಿ ಬಿದ್ದಿತ್ತು. ಮಂತ್ರಿ ಅದನ್ನು ಎರಡೂ ಕೈಯಿಂದ ಬಾಚಿಕೊಂಡ. "ಬೇಡ" ಎಂದ.

"ಇನ್ನೂ ಅವನ ಪರಾನೇ?"

"ಪಾಪ, ಮಂತ್ರಿಗೂ ಬೇಜಾರಾಗಿರತ್ತೆ, ಬಿಡ್ರೋ" ಎಂದರು ನರ್ಸಮ್ಮ. "ನಂಬಿದ್ದ. ಮೋಸ ಹೋದ." ಅವರು ಬಂದು ಅವನ ಭುಜದ ಮೇಲೆ ಕೈಯಿಟ್ಟರು. ನಾಲ್ಕು ಜನರ ಮುಂದೆ ಅವನನ್ನು ಕಪಾಳಕ್ಕೆ ಬಾರಿಸಿದ್ದರೆ ಎಷ್ಟೋ ವಾಸಿ ಇತ್ತು. ಆ ದಿನ ಅವನು ಸುಟ್ಟ ಬಟ್ಟೆಗಳು ಮೂರು. ಇಪ್ಪತ್ತು ವರ್ಷದಲ್ಲಿ ಮೊದಲು.

ಮಾರನೆ ದಿನ ಏಳು ಗಂಟೆಗೇ ಅವನು ಮೆಂಬರರ ಗೇಟಿನಲ್ಲಿದ್ದ. ಕೈಯಲ್ಲಿ ಗಂಟಿರಲಿಲ್ಲ. ಜಗುಲಿಯಲ್ಲಿ ಅವರೊಬ್ಬರೇ ಪೇಪರ್ ಓದುತ್ತಿದ್ದರು.

"ಬಾಪ್ಪಾ. ಡ್ರೈವರ್ ಇನ್ನೂ ಬಂದಿಲ್ಲ."

"ಬಟ್ಟೆಗಲ್ಲ ಸಾರ್. ಚಿಕ್ಕಾಸ್ಪತ್ರೆ..."

"ಓ, ಆ ಬೀದಿಯವನಾ ನೀನು?" ಪೇಪರ್ ಮಡಿಸಿದರು. "ನಾನೂ ನೋಡ್ತಾ ಇದ್ದೆ, ಯಾರಾದ್ರೂ ಬರ್ತಾರಾ ಅಂತ. ದಿನಾ ಏಳರಿಂದ ಒಂಬತ್ತು ಇಲ್ಲೇ ಕೂತಿರ್ತೀನಿ. ಚರಂಡಿಗೆ ಬರ್ತಾರೆ, ದೀಪಕ್ಕೆ ಬರ್ತಾರೆ. ನಿಮ್ಮ ಬೀದಿಯಿಂದ ಒಂದು ನರಪಿಳ್ಳೆ ಬರ್ಲಿಲ್ಲ. ಸಭೇಲಿ ಆಕ್ಷೇಪಣೆ ಇದ್ಯಾ ಅಂತ ಮೂರು ಸಲ ಕೇಳಿದ್ರು. ನನ್ನ ಕೈಲಿ ಒಂದು ಚೀಟಿ ಇರ್ಲಿಲ್ಲ. ಜನಕ್ಕೇ ಬೇಡ್ವೇನೋ ಅಂದ್ಕೊಂಡು ಮುಚ್ಚೋದಕ್ಕೆ ನಾನೂ ಕೈ ಎತ್ತಿದೆ."

ಮಂತ್ರಿ ತನ್ನ ಕಾಲ ಬೆರಳುಗಳನ್ನು ನೋಡುತ್ತಿದ್ದ.

"ಅಲ್ಲ, ಶುಕ್ರವಾರ ನೀನು ಬಂದಿದ್ದೆ ಅಲ್ವಾ? ಏನಪ್ಪಾ ಅಂತ ಕೇಳ್ದೆ ನಾನು."

"ಹೌದು ಸಾರ್."

"ಬಟ್ಟೆ ಅಂದೆ."

"ಹೌದು ಸಾರ್."

ಅವರು ಬೈಯಲಿಲ್ಲ. ಒಂದು ಸಲ ಎರಡೂ ಕೈಯಿಂದ ಮುಖ ಉಜ್ಜಿಕೊಂಡರು. ಹತ್ತಿರದಿಂದ ನೋಡಿದರೆ ಅಂಗಿಯ ಮೇಲೆ ಇದ್ದದ್ದು ಒಂದು ಸಾಧಾರಣ ಮುಖ, ಸರಿಯಾಗಿ ನಿದ್ದೆಯಾಗದ್ದು. "ಈ ತಿಂಗಳ ಹದಿನೈದಕ್ಕೆ ಇನ್ನೊಂದು ಸಭೆ ಇದೆ. ಮತ್ತೆ ಪರಿಶೀಲನೆಗೆ ಹಾಕಿ ಅಂತ ಕೇಳ್ಬಹುದು. ಆಗತ್ತೆ ಅಂತ ನಾನು ಹೇಳಲ್ಲ. ಆದ್ರೆ ಕಾಗದ ಬೇಕು, ಸಹಿ ಬೇಕು. ಹೊಸದಾಗಿ. ಜೊತೆಗೆ ಜನಾನೂ ಬನ್ನಿ."

ನರ್ಸಮ್ಮ ಮನೆಯಲ್ಲಿ ಬಿಸಿನೀರಿನ ಬಕೆಟ್ಟಿಗೆ ಕಾಲಿಳಿಸಿ ಕೂತಿದ್ದರು. ಮಂತ್ರಿ ಹೊಸ್ತಿಲಲ್ಲಿ ನಿಂತೇ ಎಲ್ಲ ಹೇಳಿದ. ಗೇಟು, ಹಿತ್ತಲು, ಜೇಬು, ಕೆಂಡ. ಹೇಳುತ್ತಾ ಒಂದು ಕಡೆ 'ಡ್ರೈವರ್ ಅಡ್ಡ ಬಂದ' ಎಂದು ಸೇರಿಸಲು ಬಾಯಿ ತಾನಾಗಿಯೇ ತೆರೆಯಿತು. ಮುಚ್ಚಿಕೊಂಡ.

ಅವರು ಬಕೆಟ್ಟಿನಿಂದ ಒಂದು ಕಾಲು ಮೇಲೆತ್ತಿ ಮಂಡಿ ಒತ್ತಿಕೊಂಡರು.

"ಆ ನೀಲಿ ಕಟ್ಟಡ ಇದ್ಯಲ್ಲ, ಅದರ ಮೂರನೇ ಮಹಡಿಗೆ ನಾಲ್ಕು ಸಲ ಹತ್ತಿದೀನಿ ಕಣೋ" ಎಂದರು. "ಒಂದು ಸಹಿಗೆ."

"ಈ ಸಲ ನಾನು ಹತ್ತೀನಮ್ಮ. ಎಲ್ಲಾ ಮನೇನೂ."

"ಹತ್ತು. ಕಾಲು ಗಟ್ಟಿ ಇದೆ ನಿಂಗೆ." ಅವರು ಟವೆಲ್ಲಿನಿಂದ ಪಾದ ಒರೆಸಿಕೊಂಡರು. "ಒಂದು ಸಲ ಮಾಡಿದ್ವಲ್ಲ, ಮತ್ತೆ ಯಾಕೆ ಅಂತ ಕೇಳ್ತಾರೆ. ಏನು ಹೇಳ್ತೀಯ?"

ಉತ್ತರಕ್ಕೆ ಕಾಯದೆ ಅವರು ಎದ್ದರು. ಕಪಾಟಿನಿಂದ ಬಿಳಿ ಹಾಳೆಗಳನ್ನು ತೆಗೆದು ಕೊಟ್ಟರು. ಕೊಡುವಾಗ ಅವನ ಮುಖ ನೋಡಲಿಲ್ಲ.

ಮೊದಲು ಅವನು ಸೈಕಲ್ ಶಾಪಿಗೆ ಹೋಗಿ ಗೊಂಬೆ ಸುಡುವುದು ಬೇಡವೆಂದೂ, ಯಾಕೆಂದೂ ಹೇಳಿದ. ಸೈಕಲ್ ಶಾಪಿನವನು ಪಂಪು ಕೆಳಗಿಟ್ಟು ಅವನನ್ನೇ ನೋಡಿದ. "ಏಳು ತಿಂಗಳು ಕಣೋ ಅವಳಿಗೆ" ಎಂದಷ್ಟೇ ಹೇಳಿ ತಿರುಗಿ ಕೂತ. ಹಾಳೆ ಮುಟ್ಟಲಿಲ್ಲ.

ಅಲ್ಲಿಂದ ಸೀದಾ ನೀಲಿ ಕಟ್ಟಡ, ಮೂರನೇ ಮಹಡಿ. ಬಾಗಿಲು ತೆರೆದವಳು ಆಗಷ್ಟೇ ತಲೆಗೆ ನೀರು ಹಾಕಿಕೊಂಡು ಬಂದಿದ್ದ ಹೆಂಗಸು, ಕೂದಲಿಗೆ ಟವೆಲ್ ಸುತ್ತಿದ್ದಳು. ಸಹಿ ಹಾಳೆ ಕಂಡೊಡನೆ, "ಓ, ಆಸ್ಪತ್ರೇದಾ? ನೋಟೀಸ್ ನೋಡ್ದೆ. ಬಾ ಅಣ್ಣ, ಎಲ್ಲಿ ಹಾಕ್ಬೇಕು?" ಎಂದು ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡಳು. ಮತ್ತೆ ಯಾಕೆಂದು ಅವಳು ಕೇಳಲೇ ಇಲ್ಲ.

ಮಂತ್ರಿ ಹಾಳೆಯನ್ನು ಮೇಜಿನ ಮೇಲಿಟ್ಟ. ಅವಳು ಬಗ್ಗಿದಳು. ಅವನು ಹಾಳೆಯ ಮೇಲೆ ತನ್ನ ಅಂಗೈ ಇಟ್ಟುಬಿಟ್ಟ.

"ಸಹಿ ಹಾಕೋದಕ್ಕೆ ಮುಂಚೆ ನಂದೊಂದು ಮಾತು ಕೇಳಮ್ಮ."

ಅವಳು ಅವನ ಕೈಯನ್ನೂ ಮುಖವನ್ನೂ ನೋಡಿದಳು. ಪೆನ್ನು ಕೆಳಗಿಟ್ಟಳು. ಒಳಗೆ ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಅವಳು ಹೋಗಿ ಉರಿ ಸಣ್ಣ ಮಾಡಿ ಬಂದು, ಅವನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು.