ಆರು ಗಂಟೆಯ ತಡ

ಹದಿನೈದು ವರ್ಷ ಮನೆ ನೋಡಿಕೊಂಡಿದ್ದು ಮತ್ತೆ ಕೆಲಸ ಹಿಡಿದ ಅವಳ ಕೈಗೆ ಆಸ್ಪತ್ರೆಯ ಡೇಟಾಬೇಸ್ ಬಂದು ಮೂರೇ ತಿಂಗಳಾಗಿತ್ತು. ರೋಗಿಗಳ ವಿವರವೆಲ್ಲ ಒಂದು ಯಂತ್ರದಲ್ಲಿ, ಅದರ ಪಡಿಯಚ್ಚು ಸ್ಟ್ಯಾಂಡ್‌ಬೈ ಎಂಬ ಇನ್ನೊಂದರಲ್ಲಿ. ಮೊದಲನೆಯದರಲ್ಲಿ ನಡೆದದ್ದು ಲಾಗ್ ಎಂಬ ದಾಖಲೆಗಳಾಗಿ ಎರಡನೆಯದಕ್ಕೆ ಹೋಗಿ ಸೇರಬೇಕು. ಗುರುವಾರ ಬೆಳಿಗ್ಗೆ ಹೊಸ ಮ್ಯಾನೇಜರ್ ನೋಡಿದರೆ ಎರಡನೆಯದು ಆರು ಗಂಟೆ ಹಿಂದಿತ್ತು.

"ಏನಮ್ಮಾ, ನಿಮ್ಮ ಎರಡನೇ ಮಿಷನ್ನು ಇನ್ನೂ ಹಾಸಿಗೆ ಬಿಟ್ಟು ಎದ್ದಿಲ್ವಾ?"

ನೆಟ್‌ವರ್ಕ್ ನೋಡಿದಳು, ಡಿಸ್ಕ್ ನೋಡಿದಳು. ಲಾಗ್‌ಗಳು ಹೊತ್ತಿಗೆ ಸರಿಯಾಗಿ ಬಂದು ಸಾಲಾಗಿ ಕೂತಿದ್ದವು, ಒಳಗೆ ಕರೆಯುವವರಿಲ್ಲ. ತನಗಿಂತ ಮೊದಲು ಈ ಕೆಲಸದಲ್ಲಿದ್ದು ನಿವೃತ್ತಳಾದ ಹಿರಿಯಾಕೆಯ ನೋಟ್‌ಬುಕ್ಕಿನಲ್ಲಿ ಒಂದು ಸಾಲಿತ್ತು: ‘ಸ್ಟ್ಯಾಂಡ್‌ಬೈಗೆ ಆರು ಗಂಟೆ ತಡ ಇಟ್ಟಿದೆ.’ ಅವಸರದ ಕಣ್ಣು ‘ತಡ ಇದೆ’ ಎಂದು ಓದಿಕೊಂಡಿತು. ಪಾಪ, ಆಕೆಯ ಕೈಲೂ ಸರಿಮಾಡಲು ಆಗಿರಲಿಲ್ಲ ಎಂದುಕೊಂಡು ಒಳಗೊಳಗೇ ಬೀಗಿದಳು ಕೂಡ. ಸೆಟ್ಟಿಂಗ್‌ನಲ್ಲಿದ್ದ ಆರನ್ನು ಸೊನ್ನೆ ಮಾಡಿದಳು. ಲಾಗ್‌ಗಳು ಗೇಟು ತೆಗೆದಂತೆ ನುಗ್ಗಿದವು. ಸೇರಿದ ಲಾಗ್‌ಗಳನ್ನು ಎರಡೂ ಕಡೆ ಅಳಿಸಿಹಾಕುವುದು ಅಲ್ಲಿನ ಪದ್ಧತಿ, ಜಾಗ ಸಾಲದೆಂದು. ಹನ್ನೊಂದೂವರೆಗೆ ಎಲ್ಲ ಮುಗಿದಿತ್ತು.

ಹನ್ನೆರಡಕ್ಕೆ ಫೋನ್. ಮೇಲಿನ ಮಹಡಿಯ ಲ್ಯಾಬಿನಲ್ಲಿ ರಿಪೋರ್ಟ್ ತುಂಬುವ ನಾದಿನಿ.

"ಅತ್ತಿಗೆ, ಒಂದು ಎಡವಟ್ಟಾಯ್ತು. ಹತ್ತು ಗಂಟೆಗೆ ಹಳೇ ರಿಪೋರ್ಟ್ ಅಳಿಸೋಕೆ ಹೋಗಿ ಈ ವಾರದ್ದೇ ಅಳಿಸಿಬಿಟ್ಟೆ."

"ಆಗ್ಲೇ ಹೇಳೋಕೇನಾಗಿತ್ತೇ?"

"ಜನ ಮುತ್ತಿಕೊಂಡಿದ್ರು. ಆರು ಗಂಟೆ ಇದೆಯಲ್ಲ ಅಂತ ನಾನೂ ಆರಾಮಾಗಿದ್ದೆ. ಹಿಂದಿನ ಮೇಡಂ ಎರಡು ಸಲ ಸ್ಟ್ಯಾಂಡ್‌ಬೈಯಿಂದ ವಾಪಸ್ ತಂದ್ಕೊಟ್ಟಿದ್ರು. ತಡ ಇಟ್ಟಿರೋದೇ ನನ್ನಂಥ ಪೆದ್ದಿಯರಿಗೆ ತಾನೇ?" ನಾದಿನಿ ನಕ್ಕಳು. "ಬೇಗ ತೆಗೆದ್ಕೊಡಿ. ಗೊತ್ತಾದ್ರೆ ನಾಳೆಯಿಂದ ಮನೇಲಿರ್ತೀನಿ."

ಅವಳು ಸ್ಟ್ಯಾಂಡ್‌ಬೈ ತೆರೆದಳು. ಭಾನುವಾರದಿಂದೀಚೆಗೆ ಒಂದು ಹೆಸರೂ ಇರಲಿಲ್ಲ. ಅಳಿಸಿದ್ದನ್ನೂ ಅದು ಅಷ್ಟೇ ನಿಷ್ಠೆಯಿಂದ ಅಳಿಸಿಕೊಂಡಿತ್ತು. ಬ್ಯಾಕಪ್ ಇದ್ದದ್ದು ಭಾನುವಾರದ್ದು. ರಕ್ತದ ಟ್ಯೂಬುಗಳು ಆಯಾ ಸಂಜೆಯೇ ಕಸಕ್ಕೆ ಹೋಗುತ್ತಿದ್ದವು.

"ಸಿಕ್ತಾ ಅತ್ತಿಗೆ?"

ಮನೆಯಲ್ಲಿ ಎಷ್ಟು ಜನರ ತಪ್ಪಿಗೆ ಎಷ್ಟು ಸುಳ್ಳು ಹೊಂದಿಸಿದ್ದಳೋ. ಈಗ ಒಂದೂ ನಾಲಿಗೆಗೆ ಬರಲಿಲ್ಲ.

"ತಡ ನಾನೇ ತೆಗೆದುಬಿಟ್ಟೆ ಕಣೇ. ಅರ್ಧ ಗಂಟೆ ಆಯ್ತು."



"ಅಂದ್ರೆ... ಇಲ್ವೇ ಇಲ್ವಾ?"

"ಇಲ್ಲ."

"ಅತ್ತಿಗೆ, ಒಬ್ರು ಮಗು ಎತ್ಕೊಂಡು ರಿಪೋರ್ಟ್‌ಗೆ ನಿಂತಿದ್ದಾರೆ. ಏನು ಹೇಳ್ಲಿ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಆ ಹೆಂಗಸಿನ ದನಿಯೇ ಫೋನಿನಲ್ಲಿ ಕೇಳಿಸಿತು: "ಮತ್ತೆ ಚುಚ್ಚಬೇಕಾ? ಮೊನ್ನೆಯೇ ನರ ಸಿಗದೆ ನಾಲ್ಕು ಕಡೆ ಚುಚ್ಚಿದ್ರಲ್ಲ..."