ಹೊಳೆಯಾಚೆಯ ಕೆಂಪು ಒಲೆ

ಕ್ರಿಸ್‌ಮಸ್‌ಗೆ ಜಿನೆಟ್ ಹೊಸ ಒಲೆ ತಂದಳೆಂಬ ಸುದ್ದಿ ಕಿವಿಗೆ ಬಿದ್ದಾಗಿನಿಂದ ಆರ್ಲೀನಳಿಗೆ ಊಟ ರುಚಿಸುತ್ತಿರಲಿಲ್ಲ. ಜಿನೆಟ್ ಅವಳ ಓರಗಿತ್ತಿ, ಗಂಡ ವೆಂಡೆಲನ ತಮ್ಮ ಡ್ವೈಟನ ಹೆಂಡತಿ. ಒಲೆಗೆ ಆರು ಬರ್ನರ್, ಎರಡು ಓವನ್, ಮೈಯೆಲ್ಲ ಕೆಂಪು. ಆರ್ಲೀನಳೂ ನೋಡಲು ಹೋಗಿ, "ಬಣ್ಣ ಸ್ವಲ್ಪ ಕಣ್ಣಿಗೆ ಹೊಡೆಯುತ್ತೆ" ಎಂದು ಹೇಳಿ ಬಂದಿದ್ದಳು. ಮನೆಗೆ ಬಂದು, ಕಡ್ಡಿ ಗೀರದೆ ಹತ್ತದ ತನ್ನ ಹಳೇ ಒಲೆಯ ಮುಂದೆ ನಿಂತಾಗ ಅಳುವೇ ಬಂತು.

ಬರೀ ಒಲೆಯಾಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದಳು. ಮಾರ್ಚ್ ಮೊದಲ ಮಂಗಳವಾರ ಊರ ಸಭೆ. ಅವತ್ತಿನ ಮಧ್ಯಾಹ್ನದ ಊಟಕ್ಕೆ ಮೇಪಲ್ ಸಿರಪ್ ಹಾಕಿ ಬೇಯಿಸಿದ ಬೀನ್ಸ್ ಕಾಳು ಇಷ್ಟು ವರ್ಷ ಆರ್ಲೀನಳದೇ. ಅಡುಗೆಮನೆಯ ಯಜಮಾನಿಕೆ ಮಾತ್ರ ಮುದುಕಿ ಬೆರಿಲ್‌ಳದು. ಈ ಸಲ ಬೆರಿಲ್ ಮಂಡಿನೋವೆಂದು ಸೌಟನ್ನು ಇನ್ನೊಬ್ಬಳ ಕೈಗೆ ಕೊಡುವವಳಿದ್ದಳು. ಆ ಸೌಟು ತನ್ನದೇ ಎಂದು ಆರ್ಲೀನ್ ಯಾವತ್ತೋ ಮನಸ್ಸಿನಲ್ಲಿ ಎತ್ತಿಟ್ಟುಕೊಂಡಾಗಿತ್ತು. ಈಗ ನೋಡಿದರೆ ಬೆರಿಲ್ ಜಿನೆಟ್‌ಗೆ ಫೋನ್ ಮಾಡಿ, "ಅರ್ಧ ಕಾಳು ನೀನೇ ಬೇಯಿಸೇ, ದೊಡ್ಡ ಒಲೆ ಇದೆಯಲ್ಲ" ಎಂದಳಂತೆ.

ಅದೇ ವಾರ ಆರ್ಲೀನ್ ಲೈಬ್ರರಿಗೆ ಹೋದಳು. ಅಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಊರಿನವರ ಆದಾಯ ತೆರಿಗೆಯ ಫಾರಂ ಪುಕ್ಕಟೆಯಾಗಿ ತುಂಬಿಕೊಡುತ್ತಿದ್ದರು. ಬರೆಯುತ್ತ ಬರೆಯುತ್ತ ಅವರು, "ಹೊಳೆಯಾಚೆ ಏನಾದ್ರೂ ಕೊಂಡ್ರಾ?" ಎಂದು ಕೇಳಿದರು.

ಹೊಳೆಯಾಚೆ ನ್ಯೂ ಹ್ಯಾಂಪ್‌ಶೈರ್ ರಾಜ್ಯ. ಅಲ್ಲಿ ಮಾರಾಟ ತೆರಿಗೆಯೇ ಇಲ್ಲ. ದೊಡ್ಡ ಸಾಮಾನು ಬೇಕಾದಾಗ ವರ್ಮಾಂಟಿನ ಈ ದಡದ ಜನವೆಲ್ಲ ಸೇತುವೆ ದಾಟುವುದು, ದಾಟಿ ಬಂದು ಉಳಿತಾಯದ ಕತೆ ಹೇಳುವುದು. ಒಲೆ ತಂದಾಗ ಜಿನೆಟ್ ಕೂಡ ಹೇಳಿದ್ದಳು.

"ಆಚೆ ತೆರಿಗೆ ಇಲ್ಲವಲ್ಲ, ಸಾರ್. ಅದನ್ನ ಯಾಕೆ ಕೇಳ್ತೀರಿ?"

"ಅಂಗಡಿಯವನು ಹಿಡಕೊಂಡಿಲ್ಲ ಅಂದ್ರೆ ಮಾಫಿ ಅಂತಲ್ಲಮ್ಮ. ಸಾಮಾನು ಈಚೆ ತಂದು ಬಳಸಿದ್ರೆ ನೀವೇ ಕಟ್ಬೇಕು. ಬಳಕೆ ತೆರಿಗೆ ಅಂತ ಅದಕ್ಕೆ. ನೂರು ಡಾಲರಿಗೆ ಆರು. ಇಲ್ಲೇ ಕೊಂಡಿದ್ರೂ ಅಷ್ಟೇ ಕೊಡ್ತಿದ್ರಿ."

"ಒಲೆಗೂ?"

"ಒಲೆಗೂ. ನಿಮ್ಮದೇನಾದ್ರೂ ಇದೆಯಾ?"

"ನಂದಲ್ಲ," ಎಂದಳು ಆರ್ಲೀನ್. ಆಗಸ್ಟಿನಲ್ಲಿ ಮನೆಗೆ ಬಂದ ಫ್ರೀಜರ್ ಅವಳಿಗೆ ನೆನಪೇ ಆಗಲಿಲ್ಲ. ತಲೆಯ ತುಂಬ ಕೆಂಪು ಒಲೆಯೇ ಇದ್ದಾಗ ಬೇರೆಯದಕ್ಕೆ ಜಾಗವೆಲ್ಲಿ? ಮೇಷ್ಟ್ರು ಆ ಸಾಲಿನಲ್ಲಿ ಸೊನ್ನೆ ಬರೆದು, ಗಂಡನ ಸಹಿ ಹಾಕಿಸಿಕೊಂಡು ಬನ್ನಿ ಎಂದು ಫಾರಂ ಕೈಗೆ ಕೊಟ್ಟರು. ಹೊರಗೆ ಕೆಸರು ಹಿಮ. ಆರ್ಲೀನಳಿಗೆ ಎಷ್ಟೋ ದಿನಗಳ ಮೇಲೆ ಹಸಿವಾಯಿತು.

ಸಭೆಯ ದಿನ ಶಾಲೆಯ ಹಾಲ್ ತುಂಬಿತ್ತು. ಹಿಂದಿನ ಅಡುಗೆಮನೆಯಿಂದ ಎರಡು ಪಾತ್ರೆಗಳ ಬೀನ್ಸ್ ಘಮ ಬರುತ್ತಿತ್ತು. ಜಿನೆಟ್‌ಳ ಪಾತ್ರೆಯದು ಎಲ್ಲಿ ಮುಂದಾಗಿ ಬರುತ್ತಿದೆಯೋ ಎಂದು ಆರ್ಲೀನ್ ಮೂಗು ಅರಳಿಸಿ ಕೂತಿದ್ದಳು. ಮನೆ ತೆರಿಗೆ ಏರಿಸುವ ಮಾತು ಬಂತು. ಜನ ಗೊಣಗಿದರು. ಆರ್ಲೀನ್ ಕೈಯೆತ್ತಿ ಎದ್ದು ನಿಂತಳು.

"ಕಟ್ಟೋರು ಕಟ್ತಾನೇ ಇರ್ಬೇಕು, ಕಟ್ಟದೇ ಇರೋರು ಆರು ಬರ್ನರಿನ ಒಲೆ ಇಟ್ಕೊಂಡು ಮೆರೀಬೇಕು. ಇದ್ಯಾವ ನ್ಯಾಯ?"

"ಆರ್ಲೀನ್, ಕೂತ್ಕೋ," ಎಂದು ವೆಂಡೆಲ್ ಅವಳ ಸ್ವೆಟರ್ ಜಗ್ಗಿದ. ಇವನೂ ತಮ್ಮನ ಹೆಂಡತಿಯ ಪರವೇ ಎನಿಸಿ ಅವಳ ಹೊಟ್ಟೆ ಇನ್ನಷ್ಟು ಉರಿಯಿತು. ಬಳಕೆ ತೆರಿಗೆಯೆಂದರೇನು ಎಂಬುದನ್ನು ಮೇಷ್ಟ್ರು ಹೇಳಿದಂತೆಯೇ ಇಡೀ ಸಭೆಗೆ ಬಿಡಿಸಿ ಹೇಳಿದಳು.

ಜಿನೆಟ್‌ಳ ಮುಖ ಕಪ್ಪಿಡುತ್ತದೆ ಎಂದು ಕಾದದ್ದೇ ಬಂತು. ಕಪ್ಪಿಟ್ಟದ್ದು ಕೂತಿದ್ದ ಜನರ ಮುಖ.

"ಹಿಮ ತೆಗೆಯೋ ಮಷೀನಿಗೂ ಕಟ್ಬೇಕಾ?" ಎಂದ ಒಬ್ಬ.

"ಕಟ್ಬೇಕು."

"ಬೂಟಿಗೆ?"

"ಬಟ್ಟೆ, ಬೂಟಿಗೆ ಈಚೆನೂ ಇಲ್ಲ, ಆಚೆದಕ್ಕೂ ಇಲ್ಲ."

"ನನ್ನ ಟಿವಿ ಮ್ಯಾಸಚೂಸೆಟ್ಸ್‌ದು. ಅಲ್ಲೇ ತೆರಿಗೆ ಕೊಟ್ಟು ತಂದಿದೀನಿ ಮಾರಾಯ್ತಿ!"

"ಕೊಟ್ಟಿದ್ರೆ ಇನ್ನೊಂದ್ಸಲ ಕೇಳಲ್ಲ." ಆರ್ಲೀನಳ ದನಿ ಸಣ್ಣದಾಗುತ್ತ ಬಂತು. ಹಾಸಿಗೆ ತಂದವರು, ಗರಗಸ ತಂದವರು, ಎಲ್ಲರೂ ಅವಳನ್ನೇ ದುರುಗುಟ್ಟಿ ನೋಡುತ್ತಿದ್ದರು.

ಆಗ ಜಿನೆಟ್ ಏಪ್ರನ್ನಿನಲ್ಲೇ ಅಡುಗೆಮನೆಯ ಬಾಗಿಲಿಗೆ ಬಂದಳು. "ನಂಗೆ ಗೊತ್ತೇ ಇರ್ಲಿಲ್ಲ ನೋಡಿ. ಆಚೆ ಇಲ್ಲ ಅಂದ್ರೆ ಇಲ್ಲ ಅಂದ್ಕೊಂಡಿದ್ದೆ. ಒಲೆದು ಕಟ್ತೀನಿ. ಈಗ ಊಟಕ್ಕೆ ಬನ್ನಿ, ಆರಿ ಹೋಗುತ್ತೆ."

ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು. ತೆರಿಗೆ ಕಟ್ಟುತ್ತೇನೆಂದವಳಿಗೆ ಚಪ್ಪಾಳೆ ತಟ್ಟುವ ಊರನ್ನು ಆರ್ಲೀನ್ ಹುಟ್ಟಿದ ಮೇಲೆ ಕಂಡಿರಲಿಲ್ಲ. ಊಟದಲ್ಲಿ ಜಿನೆಟ್‌ಳ ಪಾತ್ರೆ ತಳ ಕಂಡಿತು, ಆರ್ಲೀನಳದು ಮುಕ್ಕಾಲು ಹಾಗೇ ಉಳಿಯಿತು. ಕೊನೆಗೆ ಸಿಹಿಯ ಪೈ ಬಡಿಸುವ ಹೊತ್ತಿಗೆ ಬೆರಿಲ್ ಸೌಟನ್ನು ಜಿನೆಟ್‌ಳ ಕೈಗೆ ಕೊಟ್ಟಳು.

ಕಾರಿನಲ್ಲಿ ವೆಂಡೆಲ್ ಒಂದೇ ಮಾತು ಕೇಳಿದ. "ನಮ್ಮ ಫ್ರೀಜರ್ ಎಲ್ಲಿಂದ ಬಂತು?"

ಆರ್ಲೀನ್ ರೇಡಿಯೋ ಹಾಕಿದಳು.

ಮಾರನೇ ದಿನ ಜಿನೆಟ್ ಫೋನ್ ಮಾಡಿದಳು. "ಅಕ್ಕ, ಆ ಲೆಕ್ಕ ನಂಗೊಂದು ಮಾಡ್ಕೊಡ್ತೀಯಾ? ಫಾರಂ ನೋಡಿದ್ರೇ ತಲೆ ತಿರುಗುತ್ತೆ." ಒಲ್ಲೆ ಎನ್ನಲಾಗದೆ ಆರ್ಲೀನ್, ಮಾದರಿಗೆಂದು ತನ್ನ ಫಾರಂ ಕೂಡ ಹಿಡಿದುಕೊಂಡು ಹೊರಟಳು.

ಜಿನೆಟ್‌ಳ ಅಡುಗೆಮನೆಯಲ್ಲಿ ಒಲೆ ಹಗಲಲ್ಲೂ ಹೊಳೆಯುತ್ತಿತ್ತು. ಗೋಡೆಯ ಮೊಳೆಗೆ ಬೆರಿಲ್‌ಳ ಸೌಟು. ಆರ್ಲೀನ್ ಎರಡಕ್ಕೂ ಬೆನ್ನು ಹಾಕಿ ಕೂತು ಬಳಕೆ ತೆರಿಗೆಯ ಸಾಲು ಹುಡುಕಿ ತೋರಿಸಿದಳು. ಜಿನೆಟ್ ಮೊತ್ತ ಬರೆದು, ಕಾಫಿ ಬಗ್ಗಿಸಿ ಎದುರು ಕೂತಳು.

"ನಿಮ್ಮದು ಕಳಿಸಿ ಆಯ್ತಾ ಅಕ್ಕ?"

"ಇನ್ನೂ ಇಲ್ಲ. ಇವರ ಸಹಿ ಬಾಕಿ."

"ಒಳ್ಳೇದಾಯ್ತು. ಫ್ರೀಜರ್‌ದೂ ಸೇರಿಸ್ಕೊಂಡ್ಬಿಡು."

ಆರ್ಲೀನ್ ಕಪ್ಪು ಕೆಳಗಿಟ್ಟಳು. "ನಿಂಗೆ ಗೊತ್ತಿತ್ತಾ?"

"ನಮ್ಮ ಟ್ರಕ್ಕಲ್ಲೇ ತಾನೇ ಬಂದಿದ್ದು? ಹಗ್ಗ ಬಿಗಿದಿದ್ದು ನಾನೇ."

"ಮತ್ತೆ ನಿನ್ನೆ ಯಾಕೆ ಬಾಯಿ ಬಿಡ್ಲಿಲ್ಲ? ಅಷ್ಟು ಜನ ಇದ್ರು."

"ಅಷ್ಟು ಜನ ಇದ್ರಲ್ಲ, ಅದಕ್ಕೇ," ಎಂದು ಜಿನೆಟ್ ಅವಳ ಕಪ್ಪಿಗೆ ಇನ್ನಷ್ಟು ಕಾಫಿ ಬಗ್ಗಿಸಿದಳು.

ಜಾಗ ಅದಲುಬದಲಾಗಿದ್ದರೆ ತಾನು ಸುಮ್ಮನಿರುತ್ತಿರಲಿಲ್ಲ, ಅದು ಆರ್ಲೀನಳಿಗೆ ಚೆನ್ನಾಗಿ ಗೊತ್ತಿತ್ತು. ಒಲೆ ಕಂಡು ಉರಿದಳು, ಸೌಟು ಕಂಡು ಉರಿದಳು. ಆದರೆ ಬಾಯಿಗೆ ಬಂದದ್ದನ್ನು ನುಂಗಿ ಊಟ ಬಡಿಸಿದ ಈ ಹೆಂಗಸನ್ನು ಕಂಡು ಉರಿದಷ್ಟು ಯಾವುದಕ್ಕೂ ಉರಿದಿರಲಿಲ್ಲ. ಒಲೆಯನ್ನಾದರೆ ದುಡ್ಡು ಕೂಡಿಸಿ ತಾನೂ ತರಬಹುದಿತ್ತು.

ತನ್ನ ಫಾರಂ ಬಿಚ್ಚಿ, ಮೇಷ್ಟ್ರು ಸೊನ್ನೆ ಬರೆದಿದ್ದ ಸಾಲಿಗೆ ಬೆರಳಿಟ್ಟು, "ಪೆನ್ನು ಕೊಡು," ಎಂದಳು.