ಕರೆಂಟ್ ಹೋದಾಗ ಯಾರು ಹೇಳಿದ್ದು

ಬಸ್ಸಿನ ಕಿಟಕಿ ಗಾಜು ನಾಲ್ಕು ಸಲ ಗಡಗಡ ಅಂದು ಒಂದು ಸಲ ಸುಮ್ಮನಾಗುತ್ತದೆ, ಮತ್ತೆ ನಾಲ್ಕು, ಜ್ಯೋತ್ಸ್ನಾಳ ಬೆರಳು ಮೊಣಕಾಲ ಮೇಲೆ ಆ ಖಾಲಿ ಜಾಗ ತುಂಬುತ್ತಿದೆ, ಡ್ರಮ್ ಬಾರಿಸುವವಳ ಬೆರಳಿಗೆ ಬೇರೆ ಕೆಲಸವೇನು, ಶೃಂಗೇರಿ ಹಿಂದೆ ಬಿತ್ತು, ಅಬ್ಬ, ಹೇಳಿಯಾಯಿತು, ಎರಡು ವರ್ಷ ನುಂಗಿಕೊಂಡಿದ್ದದ್ದು ಒಂದು ಕಾಫಿ ಮುಗಿಯುವಷ್ಟರಲ್ಲಿ ಹೊರಗೆ ಬಂತು — ಹೋಟೆಲಿನ ಮೇಜಿನ ಆ ಕಡೆ ಅನಿತಾ, ಈ ಕಡೆ ರೇಖಾ, ನಡುವೆ ತಾನು, ಇಬ್ಬರಿಗೂ ತಾನೇ ಸಾಕ್ಷಿ, ಇಂಥ ಎಡವಟ್ಟು ಇನ್ಯಾರು ಮಾಡಿಕೊಳ್ಳುತ್ತಾರೆ. ಕೊಪ್ಪದಲ್ಲಿ ಅನಿತಾಳ ಅಪ್ಪನ ಜೀಪ್ ಶೆಡ್ಡಿನಲ್ಲಿ ಮೂವರೂ ಸೇರಿ ಕಟ್ಟಿದ ಬ್ಯಾಂಡು, ಗಿಟಾರ್ ಅನಿತಾ, ಹಾಡು ರೇಖಾ, ಮೊದಲ ಭಾನುವಾರವೇ ಕರೆಂಟು ಕೈಕೊಟ್ಟಿತು, ಗಿಟಾರ್ ಸತ್ತಿತು, ಮೈಕ್ ಸತ್ತಿತು, ಡ್ರಮ್ಮಿಗೆಂಥ ಕರೆಂಟು, ಜ್ಯೋತ್ಸ್ನಾ ಬಾರಿಸುತ್ತಲೇ ಇದ್ದಳು, ಅರ್ಧ ಎತ್ತಿದ ಶಟರಿನ ಬೆಳಕಿನಲ್ಲಿ ಇಬ್ಬರ ಬಾಯಿ ಒಟ್ಟಿಗೇ ತೆರೆದದ್ದು ಕಂಡಿತು, ಮಾತು ಕೇಳಲಿಲ್ಲ. ಆಗ ಯಾರೋ ಅಂದ ಮಾತೆಂದು ಬ್ಯಾಂಡಿನ ಹೆಸರು 'ಕರೆಂಟ್ ಹೋಯ್ತು' ಎಂದೇ ಆಯಿತು, ಯಾರು ಇಟ್ಟದ್ದೆಂಬ ಪ್ರಶ್ನೆ ಎದ್ದದ್ದು ರೇಖಾ ಅನಿತಾಳ ಮೇಲೆ ಮುನಿಸಿಕೊಂಡು ನರಸಿಂಹರಾಜಪುರದಲ್ಲಿ ಅದೇ ಹೆಸರಿನ ಇನ್ನೊಂದು ಬ್ಯಾಂಡ್ ಕಟ್ಟಿದಾಗ. ಕೊಪ್ಪದಲ್ಲಿ ಹಾಡುವವರು ಮೂರು ಸಲ ಬದಲಾದರು, ಒಬ್ಬಳಿಗೆ ಮದುವೆ, ಒಬ್ಬಳಿಗೆ ನರ್ಸಿಂಗ್ ಸೀಟು, ಮೂರನೆಯವಳಿಗೆ ಅನಿತಾಳ ಬಾಯಿ ತಡೆಯಲಾಗಲಿಲ್ಲ, ನಡುವೆ ರೇಖಾಳ ಫೋನು, ಹೆಸ್ರು ಫಸ್ಟ್ ಹೇಳಿದ್ದು ನಾನೇ ಅಲ್ವನೇ ಮಾರಾಯ್ತಿ, ಆ ತೆರೆದ ಬಾಯಿ ನೆನೆದು ಜ್ಯೋತ್ಸ್ನಾ ಹೌದು ಅಂದಳು, ಮಾರನೇ ದಿನ ಅನಿತಾ, ಹೇಳಿದ್ದು ನಾನು ಅಂತ ನಿಂಗೆ ಗೊತ್ತಲ್ಲ, ಅದಕ್ಕೂ ಹೌದು, ಇಲ್ಲವೆಂದರೆ ಯಾರು ದೂರವಾಗುತ್ತಾರೋ ಎಂಬ ಹೆದರಿಕೆ, ಬ್ಯಾಂಡಿಗಿಂತ ಹೆಚ್ಚಾಗಿ ಅವಳಿಗೆ ಇಬ್ಬರೂ ಬೇಕಿತ್ತು. ಕೊನೆಗೆ ಶೃಂಗೇರಿಯ ಒಂದೇ ಕಾರ್ಯಕ್ರಮಕ್ಕೆ ಎರಡೂ ತಂಡ ಒಪ್ಪಿಕೊಂಡು, ಹೆಸರು ಯಾರದೆಂದು ಇವತ್ತೇ ತೀರ್ಮಾನವಾಗಲಿ ಎಂದು ಆ ಹೋಟೆಲಿನಲ್ಲಿ ಕೂತು, ಹೇಳೇ ಅಂದರು ಇಬ್ಬರೂ. ನಂಗೆ ಕೇಳ್ಲೇ ಇಲ್ಲ, ನಾನು ಬಾರಿಸ್ತಾ ಇದ್ದೆ, ಇಬ್ರಿಗೂ ಸುಳ್ಳು ಹೇಳಿದೆ. ರೇಖಾ ಮುಖ ತಿರುಗಿಸಿದಳು, ಅನಿತಾ ಎದ್ದೇ ಬಿಟ್ಟಳು, ಇನ್ನು ಇಬ್ಬರೂ ಇಲ್ಲ ಅಂದುಕೊಂಡಾಗ, ಎದ್ದವಳು ಅಲ್ಲೇ ನಿಂತು, ಅಲ್ಲ ಮಾರಾಯ್ತಿ, ಎರಡು ವರ್ಷ ನಿನ್ನ ಹೌದು ನಂಬ್ಕಂಡು ಜಗಳ ಆಡಿದ್ವಾ ನಾವು, ಆಮೇಲೆ ರೇಖಾಳ ಕಡೆ ನೋಡಿ, ಭಾನುವಾರ ಶೆಡ್ಡಿಗೆ ಬರ್ತೀಯಾ, ರೇಖಾ ಹೂಂ ಎನ್ನಲಿಲ್ಲ, ಎಷ್ಟು ಗಂಟೆಗೆ ಅಂದಳು. ಅಷ್ಟು ಸಾಕು, ಹೆಸರು ಏನಾದರೂ ಆಗಲಿ, ಎಷ್ಟು ಹಗುರ, ಗಾಜು ಸುಮ್ಮನಾಯಿತು, ಬಸ್ಸು ನಿಂತಿದೆ, ಬೆರಳೂ ನಿಂತಿತು, ಕಣ್ಣ ಮುಂದೆ ಅದೇ ಭಾನುವಾರದ ಅರ್ಧ ಎತ್ತಿದ ಶಟರು, ಇಬ್ಬರ ಬಾಯಿ — ಏನೂ ಹೇಳುತ್ತಿರಲಿಲ್ಲ ಅವರು, ಈಗ ಹಲ್ಲು ಕೂಡ ಕಾಣುತ್ತಿದೆ, ನಗುತ್ತಿದ್ದರು, ಒಟ್ಟಿಗೇ, ತೆರೆದ ಬಾಯಿ, ಶಟರಿನ ಬೆಳಕು, ತೆರೆದ ಬಾಯಿ